ದೇವರ ಮನೆಯ ತಂಬಿಗೆ

ಮೊಮ್ಮಗಳು ಬಾಣಂತನಕ್ಕೆಂದು ಗದಗಿನ ನಮ್ಮ ಮನೆಗೆ ಬಂದು ಮೂರು ವಾರವಾಗಿತ್ತು. ಒಂದು ದಿನ ಗಂಡನನ್ನು ಅಟ್ಟ ಹತ್ತಿಸಿ ಅಲ್ಲಿಂದ ಒಂದು ತಾಮ್ರದ ತಂಬಿಗೆ ಇಳಿಸಿಕೊಂಡಳು. ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಫಳಫಳ ಹೊಳೆಯುವ ಹಾಗೆ ಮಾಡಿ, ತುಂಬ ನೀರು ಹಾಕಿ ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದಾಳೆ. ಕೂಸಿಗೆ ಎದೆ ಕೊಡುವ ಮುಂಚೆ ಒಮ್ಮೆ, ಕೊಟ್ಟಾದ ಮೇಲೆ ಒಮ್ಮೆ ಎತ್ತಿ ಗಟಗಟ ಕುಡಿಯುತ್ತಾಳೆ.

“ತಾಮ್ರದ ನೀರು ಮೈಗೆ ಭಾಳ ಚಲೋ ಅಂತ ಆಯಿ. ಇಂಥಾ ಸಾಮಾನು ಮನ್ಯಾಗ ಇಟ್ಕೊಂಡು ಅಟ್ಟಕ್ಕ ಒಗದೀಯಲ್ಲ!” ಎಂದು ನನಗೇ ಬುದ್ಧಿ ಹೇಳಿದಳು.

ನನಗೆ ಆ ತಂಬಿಗೆ ಕಂಡರೆ ಮೈ ಉರಿಯುತ್ತದೆ. ಎಪ್ಪತ್ತೈದು ದಾಟಿದ ಮೇಲೆ ಮನುಷ್ಯರ ಮೇಲೆ ಸಿಟ್ಟು ಮಾಡಲು ತ್ರಾಣ ಸಾಲುವುದಿಲ್ಲ, ಆದ್ದರಿಂದ ಪಾತ್ರೆ ಪಗಡಗಳ ಮೇಲೆ ಮಾಡುತ್ತೇನೆ. ಅವು ತಿರುಗಿ ಮಾತಾಡುವುದಿಲ್ಲ. ಮಗಳು ಮುಂಜಾನೆ ಎದ್ದು ಶಾಲೆಗೆ ಕಲಿಸಲು ಹೋಗಿಬಿಡುತ್ತಾಳೆ, ಬಾಣಂತಿಯ ಚಾಕರಿ ಇಡೀ ದಿನ ನನ್ನದೇ. ಆ ತಂಬಿಗೆ ತುಂಬುವ ಕೆಲಸವೂ ನನ್ನದೇ.

ಇದೇ ಹೊತ್ತಿಗೆ ನಮ್ಮ ಓಣಿಯ ಅಂಗನವಾಡಿ ಟೀಚರು ಬಂದು, “ಆಯಿ, ನೀವು ಹಿರ್ಯಾರು. ಮೊಲಿ ಕುಡಿಸೋ ತಾಯಂದ್ರಿಗೆ ಅಜ್ಜಿಗೋಳು ಹೆಂಗ ಆಸರ ಆಗಬೇಕು ಅಂತ ನಾಕ ಮಾತ ಹೇಳ್ರಿ, ಅಜ್ಜಿಗೋಳನ್ನೆಲ್ಲಾ ಕರ್ಸೇನಿ” ಎಂದಳು. ಜನ್ಮದಲ್ಲಿ ಮೊದಲ ಭಾಷಣ ನೋಡಿ, ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ತೆಗೆದು ಉಟ್ಟುಕೊಂಡು ಹೋದೆ. ಎದ್ದು ನಿಂತೆ. “ನೀರ ಕೊಡ್ರಿ” ಎಂದೆ. ಕುಳಿತೆ. ಮುಂದಿನ ಮಾತಿಗಾಗಿ ಎಲ್ಲರೂ ಸ್ವಲ್ಪ ಹೊತ್ತು ಕಾದರು. ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಚಪ್ಪಾಳೆ ತಟ್ಟಿದರು. ಒಬ್ಬಾಕೆ ನನಗೇ ಒಂದು ಗ್ಲಾಸು ನೀರು ತಂದುಕೊಟ್ಟಳು, ಪಾಪ, ಮುದುಕಿಗೆ ಗಂಟಲು ಒಣಗಿದೆ ಎಂದುಕೊಂಡು.

ಗಂಟಲು ಒಣಗಿತ್ತು ಖರೆ. ಆದರೆ ಅವತ್ತಲ್ಲ.

ನಾನು ಹೇಳುವುದು ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆಯ ಮಾತು. ಆಗ ನಮ್ಮ ಸುತ್ತಲಿನ ನೆಲ ತೇಪೆ ಹಚ್ಚಿದ ಕೌದಿಯ ಹಾಗಿತ್ತು. ಗದಗ-ಬೆಟಗೇರಿ ಮುಂಬೈ ಸರ್ಕಾರದ್ದು. ಲಕ್ಷ್ಮೇಶ್ವರ, ಶಿರಹಟ್ಟಿ ಮೊನ್ನೆ ಮೊನ್ನೆಯವರೆಗೂ ಸಂಸ್ಥಾನಿಕರ ಕೈಯಲ್ಲಿದ್ದವು. ಮುಂಡರಗಿ ದಾಟಿ ಗಡಿಯ ಆಚೆ ಹೋದರೆ ನಿಜಾಮನದು. ಒಂದೊಂದು ಕಡೆ ಒಂದೊಂದು ಕಾಯ್ದೆ. ಆದರೆ ಬಾಣಂತಿಯ ಕಾಯ್ದೆ ಮಾತ್ರ ಅಲ್ಲಿಂದ ಇಲ್ಲಿಯತನಕ ಒಂದೇ: ನೀರು ಕೊಡಬಾರದು. ದೊಡ್ಡವರು ಸಭೆ ಮಾಡಿ ನಾಡು ಕೂಡಿಸುವುದಕ್ಕೆ ಎಷ್ಟೋ ಮೊದಲೇ ನಮ್ಮ ಅಜ್ಜಿಯರು ಈ ಒಂದು ವಿಷಯದಲ್ಲಿ ಏಕೀಕರಣ ಮುಗಿಸಿಬಿಟ್ಟಿದ್ದರು.

ನೀರು ಕುಡಿದರೆ ಬಾಣಂತಿಯ ಹೊಟ್ಟೆ ಬಿಡುತ್ತದೆ, ಮೈಗೆ ಬಾವು ಬರುತ್ತದೆ, ಹಾಲು ತಣ್ಣಗಾಗಿ ಕೂಸಿಗೆ ಥಂಡಿ ಹತ್ತುತ್ತದೆ. ಹೀಗೆ ಕಾರಣಗಳಿಗೇನೂ ಬರಗಾಲ ಇರಲಿಲ್ಲ. ಮುಂಜಾನೆ ಒಂದು ಸಣ್ಣ ಬಟ್ಟಲು, ಸಂಜೆ ಒಂದು ಸಣ್ಣ ಬಟ್ಟಲು, ಅಜವಾನ ಹಾಕಿ ಕುದಿಸಿದ ನೀರು. ಅಷ್ಟೇ. ನನ್ನ ತವರು ಬೆಟಗೇರಿಯ ಬೇಸಿಗೆ ನೀವು ನೋಡಿದ್ದರೆ ಆ ಬಟ್ಟಲು ಎಷ್ಟು ಸಣ್ಣದು ಅನ್ನುವುದು ನಿಮಗೆ ಗೊತ್ತಾದೀತು. ಅದರ ಮೇಲೆ ನಾನಿದ್ದದ್ದು ಕಿಟಕಿಗೆ ಗೋಣಿತಟ್ಟು ಕಟ್ಟಿದ ಕತ್ತಲೆ ಕೋಣೆ, ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಮೂಗಿಗೆ ಲೋಬಾನದ ಹೊಗೆ. ನನಗೆ ಹದಿನೇಳು ವರ್ಷ. ಚೊಚ್ಚಲ ಹೆರಿಗೆ. ಹೆಣ್ಣು ಕೂಸು.

ನಮ್ಮವ್ವ ಕೆಟ್ಟವಳು ಎಂದುಕೊಳ್ಳಬೇಡಿ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ನಾನು ತವರಿಗೆ ಬರುವ ಎರಡು ತಿಂಗಳ ಮೊದಲಿನಿಂದ ಬೆಣ್ಣೆ ಕೂಡಿಸಿ ಒಂದು ದೊಡ್ಡ ಗಡಿಗೆ ತುಪ್ಪ ಕಾಸಿಟ್ಟಿದ್ದಳು. ಒಣಕೊಬ್ಬರಿ, ಉತ್ತತ್ತಿ, ಅಂಟು ಹಾಕಿ ಅಂಟಿನುಂಡಿ ಕಟ್ಟಿದ್ದಳು. ದಿನಾ ಬೆನ್ನಿಗೆ, ಸೊಂಟಕ್ಕೆ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಕುದಿನೀರು ಹೊಯ್ಯುತ್ತಿದ್ದಳು. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ ಖಾರ, ಅದರ ಮೇಲೆ ತುಪ್ಪ. ಒಂದು ತುತ್ತು ಬಿಟ್ಟರೆ ಕಣ್ಣಲ್ಲಿ ನೀರು ತರುತ್ತಿದ್ದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಉಪ್ಪು ತಿಂದವ ನೀರು ಕುಡಿಯಬೇಕು ಅಂತಲೂ ಅಂತಾರೆ. ಅವ್ವನ ಕೈಯಲ್ಲಿ ಮೊದಲನೆಯ ಗಾದೆ ನಡೆಯಿತು, ಎರಡನೆಯದು ನಡೆಯಲಿಲ್ಲ. ತಿಂದದ್ದೆಲ್ಲಾ ನೀರಡಿಕೆ ತರುವಂಥದ್ದು, ನೀರು ಮಾತ್ರ ಇಲ್ಲ.

“ಯವ್ವಾ, ಒಂದ ಗುಟುಕ” ಎಂದರೆ, “ತುಪ್ಪ ಕೇಳು, ಕೊಡತೀನಿ. ನೀರ ಕೇಳಬ್ಯಾಡ ನನ್ನವ್ವಾ. ನಿನ್ನ ಚಲೋದಕ್ಕ ಹೇಳಾಕತ್ತೀನಿ” ಎಂದು ತಲೆ ಸವರುತ್ತಿದ್ದಳು.

ಮೊದಲ ಎರಡು ದಿನ ನಾನು ಅಡುಗೆಮನೆಯ ಕೊಡಕ್ಕೆ ಕೈ ಹಾಕಿದ್ದನ್ನು ನೋಡಿದ ಅವ್ವ ಭಾಳ ಶಾಣ್ಯಾತನದ ಒಂದು ಕೆಲಸ ಮಾಡಿದಳು. ಮನೆಯ ನೀರಿನ ಕೊಡಗಳನ್ನೆಲ್ಲ ಹಿತ್ತಲಿಗೆ ಸಾಗಿಸಿ ಬಾಗಿಲು ಹಾಕಿದಳು. ಕೈಗೆ ಬೇಕಾಗುವ ಕುಡಿಯುವ ನೀರನ್ನು ಈ ತಾಮ್ರದ ತಂಬಿಗೆಯಲ್ಲಿ ತುಂಬಿ ದೇವರ ಮನೆಯ ಜಗುಲಿಯ ಮೇಲೆ ಇಟ್ಟಳು. ಮೈಲಿಗೆಯ ಬಾಣಂತಿ ದೇವರ ಮನೆಯ ಹೊಸ್ತಿಲು ದಾಟುವಂತಿಲ್ಲ. ನನ್ನ ಹೊರಸಿನ ಮೇಲೆ ಕುಳಿತರೆ ಅದು ನೇರ ಕಣ್ಣಿಗೇ ಬೀಳುತ್ತಿತ್ತು. ದೇವರು ಆ ಕಡೆ, ನಾನು ಈ ಕಡೆ, ನಡುವೆ ತಂಬಿಗೆ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾನು ಹೊಸ್ತಿಲು ದಾಟಲಿಲ್ಲ. ಹತ್ತು ಹೆಜ್ಜೆ ಇತ್ತು. ಕಾಲಿಗೆ ಬೇಡಿ ಇರಲಿಲ್ಲ. ಇವತ್ತು ನೆನೆಸಿಕೊಂಡರೆ ಅವ್ವನಿಗಿಂತ ಹೆಚ್ಚು ಸಿಟ್ಟು ನನ್ನ ಆ ಭಯಭಕ್ತಿಯ ಮೇಲೆಯೇ ಬರುತ್ತದೆ.

ಹಾಗಂತ ನಾನೇನು ಸಾಧುಸ್ವಭಾವದವಳಲ್ಲ. ಕಳವು ಮಾಡಿದೆ. ಅವ್ವ ತಲೆಗೆ ನೀರು ಹೊಯ್ಯುವಾಗ ಬಾಯಿ ತೆರೆದು ಮುಖ ಮೇಲೆ ಮಾಡುತ್ತಿದ್ದೆ. ಸೀಗೆಕಾಯಿ, ಎಣ್ಣೆ, ಕುದಿನೀರು ಎಲ್ಲಾ ಕೂಡಿ ಗಂಟಲಿಗೆ ಇಳಿಯುತ್ತಿತ್ತು. ನಾಲಿಗೆ ಸುಟ್ಟುಕೊಂಡು ಎರಡು ದಿನ ಖಾರ ತಿನ್ನಲಿಕ್ಕಾಗಲಿಲ್ಲ. “ಬಾಯಿ ಮುಚ್ಚಲೇ, ಸೀಗಿಕಾಯಿ ಹೋದೀತು” ಎಂದು ಬೆನ್ನಿಗೆ ಒಂದು ಗುದ್ದು ಬಿತ್ತು. ಇನ್ನೊಂದು ಸಲ ಕೂಸಿನ ಬಟ್ಟೆ ನೆನೆಹಾಕಿದ ಬುಟ್ಟಿಗೆ ಕೈ ಅದ್ದಿ ನೆಕ್ಕಿದೆ. ಇದನ್ನು ಇಲ್ಲಿಯತನಕ ಯಾರ ಮುಂದೆಯೂ ಹೇಳಿಲ್ಲ. ನಗುವುದಿದ್ದರೆ ನಗಿ, ನಾನೂ ನಕ್ಕಿದ್ದೇನೆ, ನಗಲು ಮೂವತ್ತು ವರ್ಷ ಬೇಕಾಯಿತು ಅಷ್ಟೇ.

ನಮ್ಮ ಎಮ್ಮೆ ಈದದ್ದೂ ನಾನು ಹಡೆದದ್ದೂ ಒಂದೇ ವಾರ. ಈ ಎಮ್ಮೆಯ ಜೊತೆ ನನಗೆ ಶುರುವಾದ ಮತ್ಸರ ಎಂಥದ್ದು ಎಂದು ಹೇಳಿದರೆ ನಿಮಗೆ ಪಿಚ್ಚೆನಿಸೀತು. ಅದರ ಮೊದಲ ಹಾಲನ್ನು ಅವ್ವ ಬೆಲ್ಲ ಹಾಕಿ ಗಿಣ್ಣ ಮಾಡಿ ಓಣಿಗೆಲ್ಲಾ ಹಂಚಿದಳು. ನನ್ನ ಮೊದಲ ಮೂರು ದಿನದ ಹಾಲನ್ನು, ಕೆಟ್ಟ ಹಾಲು ಎಂದು ಹಿಂಡಿಸಿ ಹಿತ್ತಲಿನ ಗಿಡದ ಬುಡಕ್ಕೆ ಚೆಲ್ಲಿಸಿದಳು. ಕೂಸಿಗೆ ಆ ಮೂರು ದಿನ ಬಟ್ಟೆಯ ಬತ್ತಿ ಅದ್ದಿ ಸಕ್ಕರೆ ನೀರು. ಎಮ್ಮೆಗೆ ಮುಂಜಾನೆ ಒಂದು ಬಾನಿ ನೀರು, ಮಧ್ಯಾಹ್ನ ಹಿಂಡಿ ಕಲಸಿದ ಇನ್ನೊಂದು ಬಾನಿ. ಅದು ಮುಸುಡಿ ಮುಳುಗಿಸಿ ಸೊರ್‍ರೆಂದು ಹೀರುವ ಸಪ್ಪಳ ನನ್ನ ಕೋಣೆಗೆ ಕೇಳುತ್ತಿತ್ತು. “ಕುಡಿ ನನ್ನವ್ವ, ಕುಡಿ. ಹೊಟ್ಟಿ ತುಂಬ ಕುಡಿ” ಎಂದು ಅವ್ವ ಅದರ ಬೆನ್ನು ತಟ್ಟುತ್ತಿದ್ದಳು. ನನಗೆ ಅನ್ನುವ ಮಾತನ್ನೇ ಅದಕ್ಕೂ ಅನ್ನುತ್ತಿದ್ದಳು, ನನ್ನವ್ವ ಎಂದು.

ಇಷ್ಟೇ ಆಗಿದ್ದರೆ ನೀರಿಲ್ಲದ ಊರು, ನೀರಿಲ್ಲದ ಬೇಸಿಗೆ ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಆ ಬೇಸಿಗೆಯಲ್ಲಿ ಗಡಿಯ ಆಚೆ ನಿಜಾಮನ ಸೀಮೆಯಲ್ಲಿ ಗಲಾಟೆ ಎದ್ದು, ಜನ ಗಂಟುಮೂಟೆ ಕಟ್ಟಿಕೊಂಡು ಮುಂಡರಗಿಗೆ, ಗದಗಿಗೆ ಬರುತ್ತಿದ್ದರು. ನಮ್ಮ ಮನೆಯವರು ಅವರ ನೆರವಿಗೆಂದು ಹುಡುಗರನ್ನು ಕಟ್ಟಿಕೊಂಡು ಮುಂಡರಗಿಗೆ ಹೋದವರು ಅಲ್ಲೇ ಉಳಿದಿದ್ದರು. ಅವ್ವ ನಮ್ಮ ಕಟ್ಟೆಯ ಮೇಲೆ ಮೂರು ಹರವಿ ಇಟ್ಟು ಅರವಟ್ಟಿಗೆ ಮಾಡಿದಳು. ದೂರದ ಸಿಹಿನೀರಿನ ಬಾವಿಯಿಂದ ತಾನೇ ಹೊತ್ತು ತಂದು ತುಂಬುವಳು. ಬಂದವರ ಬೊಗಸೆಗೆ ಎತ್ತರದಿಂದ ಧಾರೆ ಹಿಡಿದು ಹೊಯ್ಯುವಳು. ಆ ಧಾರೆ ಬೊಗಸೆಗೆ ಬೀಳುವ ಸಪ್ಪಳ, ಪಕ್ಕದ ಮನೆಯ ಮಗ್ಗದ ಸಪ್ಪಳ, ಇವೆರಡನ್ನೂ ಕೇಳುತ್ತಾ ನಾನು ಹೊರಸಿನ ಮೇಲೆ ಬಿದ್ದಿರುತ್ತಿದ್ದೆ. ಒಂದು ದಿನ ಗೋಣಿತಟ್ಟು ಸರಿಸಿ ನೋಡಿದೆ. ನನ್ನ ವಾರಿಗೆಯವಳೇ ಒಬ್ಬಳು, ಸೆರಗಿನಲ್ಲಿ ಹಸುಗೂಸು, ಬೊಗಸೆಯೊಡ್ಡಿ ಕುಡಿದದ್ದೇ ಕುಡಿದದ್ದು. ಅವ್ವ ಹೊಯ್ದದ್ದೇ ಹೊಯ್ದದ್ದು. “ಇನ್ನಷ್ಟು ಕುಡಿ ತಂಗಿ. ನೀರಡಿಸಿದವರಿಗೆ ಇಲ್ಲಾ ಅನಬಾರದು” ಎಂದಳು.

ಮನೆಯವರು ನಡುವೆ ಒಮ್ಮೆ ಬಂದು ಹೋದರು. ಬಾಗಿಲಲ್ಲೇ ನಿಂತು ಕೂಸಿನ ಮುಖ ನೋಡಿದರು. “ಏನರೆ ಬೇಕಾಗೈತೇನು?” ಎಂದು ಕೇಳಿದರು. ಅವ್ವ ಪಕ್ಕದಲ್ಲಿದ್ದಳು. ಗಂಡಸರ ಮುಂದೆ ಬಾಣಂತಿಕೋಣೆಯ ಮಾತು ಆಡುವುದುಂಟೇ? “ಏನೂ ಬ್ಯಾಡ್ರಿ” ಎಂದೆ. ಅವರು ಆಚೆಯ ಜನರನ್ನು ಬಿಡಿಸಲು ಮತ್ತೆ ಮುಂಡರಗಿಗೆ ಹೋದರು.

ಹಾಲು ಕಡಿಮೆಯಾಗುತ್ತ ಬಂತು. ಕೂಸು ಎದೆ ಬಿಟ್ಟು ಬಿಟ್ಟು ಅಳುತ್ತಿತ್ತು. ಅವ್ವ ಒಳಲೆ ತಂದಳು. ಎಮ್ಮೆಯ ಹಾಲಿಗೆ ನೀರು ಬೆರೆಸಿ ಒಳಲೆಯಿಂದ ಕೂಸಿನ ಬಾಯಿಗೆ ಬಿಟ್ಟಳು. ಹೊಟ್ಟೆ ತುಂಬಿದ ಕೂಸು ನನ್ನ ಎದೆಗೆ ಬರುವುದನ್ನು ಕಡಿಮೆ ಮಾಡಿತು, ಅದು ಚೀಪದಿದ್ದಷ್ಟೂ ನನ್ನ ಹಾಲು ಬತ್ತಿತು. ಆಮೇಲೆ ಕೂಸಿಗೆ ಭೇದಿ ಹತ್ತಿತು. ಭೇದಿ ಆದಾಗ ಹಾಲು ಕೊಡಬಾರದು, ನೀರು ಕೊಡಬಾರದು. ಅದೂ ಅದೇ ಕಾಯ್ದೆಪುಸ್ತಕದ ಇನ್ನೊಂದು ಪುಟ. ಮೂರನೆಯ ದಿನ ಮಧ್ಯಾಹ್ನ ಅದರ ನೆತ್ತಿ ಗುಳಿ ಬಿದ್ದಿತ್ತು. ಸಂಜೆಯೊಳಗೆ ಹೋಯಿತು. ಅದರ ಅಪ್ಪ ಮುಂಡರಗಿಯ ಕೆಲಸ ಮುಗಿಸಿ ಬರಲಿ ಎಂದು ಹೆಸರಿಡುವುದನ್ನು ಮುಂದೆ ಹಾಕಿದ್ದೆವು, ಆದ್ದರಿಂದ ಅದಕ್ಕೆ ಹೆಸರಿಲ್ಲ. ನಾನು ಮನಸ್ಸಿನಲ್ಲಿ ಇಟ್ಟ ಹೆಸರು ಒಂದಿದೆ. ಇಲ್ಲಿ ಹೇಳುವುದಿಲ್ಲ.

ಮಾತಾಡಿಸಲು ಬಂದ ಹೆಂಗಸರ ಮುಂದೆ ಅವ್ವ ಅಳುತ್ತಾ ಹೇಳಿದಳು: “ನಾ ಏನ ಕಡಿಮಿ ಮಾಡೇನಿ? ಗಡಿಗಿ ತುಪ್ಪ ತಿನಸೇನಿ. ಇಕಿ ಎದ್ಯಾಗ ಹಾಲ ಇರಲಿಲ್ಲ, ಏನ ಮಾಡೂದು?”

ಆ ಮಾತು ನನಗಿಂತ ಮೊದಲು ಗಂಡನ ಊರು ಸೊರಟೂರಿಗೆ ಹೋಗಿ ಮುಟ್ಟಿತ್ತು. ಎಂಟು ವರ್ಷ ನಾನು ಬತ್ತಿದೆದೆಯವಳಾಗಿ ಬದುಕಿದೆ. ಯಾರದಾದರೂ ಕೂಸಿನ ತೊಟ್ಟಿಲಿಗೆ ಕರೆದರೆ ಹಿಂದೆ ನಿಲ್ಲುತ್ತಿದ್ದೆ. ಕೂಸನ್ನು ನನ್ನ ಕೈಗೆ ಕೊಡುವಾಗ ಹೆತ್ತವಳ ಕಣ್ಣು ನನ್ನ ಕುಪ್ಪಸದ ಮೇಲೆ ಒಮ್ಮೆ ಆಡಿ ಹೋಗುತ್ತಿತ್ತು. ನಾನೂ ನಂಬಿದ್ದೆ. ತಪ್ಪು ನನ್ನ ಮೈಯದೇ ಎಂದು.

ಮತ್ತೆ ದಿನ ತುಂಬಿದ್ದು ಕನ್ನಡ ನಾಡು ಒಂದಾದ ವರ್ಷ. ಈ ಸಲ ತವರಿಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ಸೊರಟೂರಿನ ನಮ್ಮತ್ತೆ ದೊಡ್ಡ ಬಾಯಿಯವಳು, ಸದಾ ಮೂಗಿಗೆ ತಪಕೀರು, ಮುಖದ ಮೇಲೆ ಸಿಡುಕು. ಪ್ರೀತಿ ಗೀತಿ ಎಂದು ಮಾತಾಡಿದವಳೇ ಅಲ್ಲ. ಹಡೆದ ಮರುದಿನ ಹೊರಸಿನ ಪಕ್ಕ ಒಂದು ಕೊಡ ನೀರು ತಂದು ದೊಪ್ಪೆಂದು ಇಟ್ಟಳು.

“ಶೇಂಗಾ ಕೀಳೂದೈತಿ. ನಿನ್ನ ಮುಂದ ಕುಂತು ಕಾಯಾಕ ನನಗ ಪುರಸೊತ್ತಿಲ್ಲ. ನೀರ ಇಲ್ಲಿ ಐತಿ. ನೀರಡಿಕಿ ಆದ್ರ ಕುಡಿ. ಕೂಸ ಅತ್ರ ಎದಿ ಕೊಡು. ಇಷ್ಟ ನನಗ ಗೊತ್ತಿರೂದು” ಎಂದು ಶೇಂಗಾ ಕೀಳುವ ಕುರ್ಚಿಗಿ ಹಿಡಿದು ಹೊಲಕ್ಕೆ ಹೋಗಿಯೇ ಬಿಟ್ಟಳು.

ಅವಳು ತಿಳಿದು ಮಾಡಿದಳೋ, ಶೇಂಗಾ ಮಾಡಿಸಿತೋ, ನನಗೆ ಗೊತ್ತಿಲ್ಲ. ಆ ಕೊಡಕ್ಕೆ ಬಾಯಿ ಹಚ್ಚಿ ಕುಡಿದೆ. ಕುಡಿಯುತ್ತ ಅಳುತ್ತಿದ್ದೆ. ಒಳಲೆ ಇಲ್ಲದ ಮನೆ, ಕೂಸು ಅತ್ತಾಗೊಮ್ಮೆ ಎದೆಗೆ ಹಚ್ಚಿಕೊಂಡೆ. ಒಂದು ವಾರದಲ್ಲಿ ಹಾಲು ಎಷ್ಟು ಬಂತೆಂದರೆ ಕುಪ್ಪಸ ತೊಯ್ದು ಸೀರೆಗೆ ಇಳಿಯುತ್ತಿತ್ತು. ನನಗೆ ಸಂತೋಷ ಆಗಬೇಕಿತ್ತು. ಆದದ್ದು ಬೇರೆ. ಆ ಎಂಟು ವರ್ಷದ ಹಿಂದಿನ ಕೂಸು ಒಮ್ಮೆಲೇ ಎರಡನೆಯ ಸಲ ಸತ್ತಿತು.

ಅವ್ವ ಅಂಟಿನುಂಡಿಯ ಡಬ್ಬಿ, ತುಪ್ಪದ ಗಡಿಗೆ ಹೊತ್ತು ಚಕ್ಕಡಿಯಲ್ಲಿ ಬಂದಳು. ಜೊತೆಗೆ ಈ ತಂಬಿಗೆಯನ್ನೂ ತಂದಿದ್ದಳು. ಒಳಗೆ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಕೊಡ. “ಅಯ್ಯ ಶಿವನ! ಬಾಣಂತಿ ಮಗ್ಗಲಾಗ ನೀರ ಯಾರ ಇಟ್ಟಾರ?” ಎಂದು ಅದನ್ನು ಎತ್ತಲು ಬಗ್ಗಿದಳು. ಅಷ್ಟರಲ್ಲಿ ಹೊಲದಿಂದ ಬಂದ ಅತ್ತೆ ಬಾಗಿಲಲ್ಲಿ ನಿಂತಳು.

“ಅದನ್ನ ಅಲ್ಲೇ ಇಡ್ರಿ ಬೀಗತ್ಯಾರ.”

“ಬಾಣಂತಿಗೆ ನೀರ ಕೊಡೂದೈತೇನ್ರಿ? ಹಾಲ ಕೆಟ್ಟ ಹೋಕ್ಕಾವು.”

“ನಿಮ್ಮ ಮನ್ಯಾಗ ಎಮ್ಮಿ ಐತಿಲ್ರಿ?”

“ಐತ್ರಿ.”

“ನೀರ ಕುಡಿಸದ ಹಾಲ ಹಿಂಡತೀರೇನು?”

ಅತ್ತೆ ತಪಕೀರು ಏರಿಸಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ಅವ್ವ ಕೊಡ ಬಿಟ್ಟು ನನ್ನ ಹೊರಸಿನ ಅಂಚಿಗೆ ಕುಳಿತಳು. ಕೂಸು ನನ್ನ ಎದೆಯಲ್ಲಿತ್ತು, ಕಟವಾಯಿಯಿಂದ ಹಾಲು ಸುರಿಯುತ್ತಿತ್ತು. ಅವ್ವ ಅದನ್ನೇ ನೋಡುತ್ತಿದ್ದಳು. ಆಗ ನಾನು ಅಂದೆ. ಎಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು.

“ಅವತ್ತೂ ನನ್ನ ಎದ್ಯಾಗ ಹಾಲ ಇದ್ವು, ಯವ್ವಾ. ಆ ಕೂಸನ್ನ ನೀನ ಕೊಂದಿ.”

ಅವ್ವ ಅಳಲಿಲ್ಲ. ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಅಂಚಿನ ಮೇಲೆ ಬೆರಳು ಆಡಿಸುತ್ತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು:

“ನಿನಗಿಂತ ಮೊದಲ ನಾ ಎರಡ ಹಡದಿದ್ದೆ. ನಿನಗ ಹೇಳಿಲ್ಲ. ಎರಡೂ ಗಂಡು. ಎರಡೂ ತಿಂಗಳ ತುಂಬೂದ್ರಾಗ ಹೋದ್ವು. ನಮ್ಮವ್ವ ಇದ ತಂಬಿಗಿನ ಜಗಲಿ ಮ್ಯಾಲ ಇಡತಿದ್ಲು. ನಾನೂ ಇದನ್ನ ನೋಡಕೋತ ಕುಂದರತಿದ್ದೆ. ನಿಮ್ಮತ್ತಿ ಅನ್ನೂದು ಖರೆ ಅಂದ್ರ ನನ್ನವೂ ಸುಮ್ಮ ಸುಮ್ಮನ ಹೋದಂಗಾತಲ್ಲ. ನನ್ನ ಹೆತ್ತಾಕಿನ ಅವನ್ನ ಕೊಂದಂಗಾತಲ್ಲ. ನಾ ಹೆಂಗ ಖರೆ ಅನ್ಲಿ, ಹೇಳು?”

ಇದನ್ನು ಕೇಳಿ ನನ್ನ ಎದೆ ಕರಗಿತು ಎಂದು ಬರೆದರೆ ಓದುವ ನಿಮಗೆ ಸಮಾಧಾನ ಆದೀತು. ಕರಗಲಿಲ್ಲ. ನಾನು ಕೂಸನ್ನು ಎದೆ ಬದಲಿಸಿಕೊಂಡು ಗೋಡೆಯ ಕಡೆ ತಿರುಗಿದೆ. ಅವ್ವ ಉಣ್ಣದೆ ಅದೇ ಚಕ್ಕಡಿಯಲ್ಲಿ ತಿರುಗಿ ಹೋದಳು. ತಂಬಿಗೆ ಹೊರಸಿನ ಮೇಲೆಯೇ ಉಳಿಯಿತು. ಅವತ್ತು ಸಂಜೆ ಮನೆಯವರು ಗದಗಿನಿಂದ ಪೇಢೆ ತಂದು, “ಎಲ್ಲಾ ಒಂದ ಆತು ನೋಡು, ಗದಗೂ ನಮ್ಮದ, ಗಡಿ ಆಚಿ ಕೊಪ್ಪಳಾನೂ ನಮ್ಮದ” ಎಂದು ನನ್ನ ಬಾಯಿಗೆ ಇಟ್ಟರು. ಹೂಂ ಅಂದೆ. ಪೇಢೆ ತಿಂದು ನೀರು ಕುಡಿದೆ.

ಆ ಕೂಸೇ ಈಗ ಶಾಲೆಗೆ ಹೋಗುವ ನನ್ನ ಮಗಳು. ಅವಳು ಈ ಮೊಮ್ಮಗಳನ್ನು ಹಡೆದು, ಸೊರಟೂರಿನಿಂದ ನಾವು ಬಂದು ನೆಲೆಸಿದ ಈ ಗದಗಿನ ಮನೆಯಲ್ಲಿ ಬಾಣಂತಿಯಾಗಿ ಮಲಗಿದ್ದಾಗ ಅವ್ವ ನೋಡಲು ಬಂದಳು. ಮುಪ್ಪು ಹಿಡಿದಿತ್ತು, ಕಣ್ಣು ಮಂಜಾಗಿತ್ತು. ಅಷ್ಟು ವರ್ಷದಲ್ಲಿ ಹಬ್ಬ ಹುಣ್ಣಿವೆಗೆ ಹೋಗಿ ಬಂದು ಮಾಡಿದ್ದೆವು, ಆ ಮಾತು ಮಾತ್ರ ಇಬ್ಬರೂ ಎತ್ತಿರಲಿಲ್ಲ. ಬಿಸಿಲಲ್ಲಿ ಬಂದವಳು ಕೋಲು ಗೋಡೆಗೆ ಆನಿಸಿ ನೆಲಕ್ಕೆ ಕುಳಿತು, ನನ್ನ ಮುಖ ನೋಡದೆ ಕೇಳಿದಳು:

“ಅಕಿಗೆ ನೀರ ಕೊಟ್ಟೀ ಇಲ್ಲೋ?”

“ಕೊಟ್ಟೇನಿ” ಎಂದೆ.

“ಚಲೋ ಮಾಡಿದಿ” ಎಂದಳು. ಸೆರಗಿನಿಂದ ಬೆವರು ಒರೆಸಿಕೊಂಡು, “ನನಗೂ ಒಂದೀಟ ಕೊಡವಾ. ಬಿಸಲಾಗ ಬಂದೇನಿ” ಎಂದಳು.

ನನ್ನ ಮುಂದೆ ಕೂಸಿನ ಒಣಗಿದ ಬಟ್ಟೆಗಳ ರಾಶಿ ಇತ್ತು. ಹೂಂ ಎಂದೆ. ಏಳಲಿಲ್ಲ. ಒಂದು ಬಟ್ಟೆ ಮಡಚಿದೆ. ಇನ್ನೊಂದು ಮಡಚಿದೆ. ಅಂಚಿಗೆ ಅಂಚು ಕೂಡಿಸಿ, ಸುಕ್ಕು ತೀಡಿ, ರಾಶಿ ಮುಗಿಯುವತನಕ ಎಲ್ಲವನ್ನೂ ಮಡಚಿದೆ. ಅವ್ವ ಎರಡನೆಯ ಸಲ ಕೇಳಲಿಲ್ಲ. ನಾನು ಯಾಕೆ ಏಳುತ್ತಿಲ್ಲ ಎಂಬುದು ಅವಳಿಗೆ ತಿಳಿದಿತ್ತು. ಒಣಗಿದ ತುಟಿ ನಾಲಿಗೆಯಿಂದ ಸವರಿಕೊಳ್ಳುತ್ತಾ ತಲೆ ತಗ್ಗಿಸಿ ಕುಳಿತಿದ್ದಳು. ಎಲ್ಲಾ ಮಡಚಿ ಆದ ಮೇಲೆ ಎದ್ದು, ಬೇಕೆಂದೇ ಹುಡುಕಿ, ಈ ತಂಬಿಗೆಯಲ್ಲೇ ತಂದುಕೊಟ್ಟೆ. ಅವಳು ಅದನ್ನು ಕೈಯಿಂದ ಮುಟ್ಟಿ ಗುರುತು ಹಿಡಿದಳು. ಕುಡಿದು ಕೆಳಗಿಟ್ಟಳು. ಆ ವರ್ಷವೇ ತೀರಿಕೊಂಡಳು. ತಂಬಿಗೆಯನ್ನು ಅಟ್ಟಕ್ಕೆ ಒಗೆದದ್ದು ಆಗಲೇ.

ಅಂಗನವಾಡಿಯಲ್ಲಿ ಇದನ್ನು ಹೇಳಬೇಕಿತ್ತೇನೋ. ಕೂಸು ಹೋದದ್ದು ನೀರಿಲ್ಲದ್ದಕ್ಕೋ, ಒಳಲೆಗೋ, ಭೇದಿಗೋ, ನನಗೆ ಇವತ್ತಿಗೂ ನಿಕ್ಕಿ ಗೊತ್ತಿಲ್ಲ. ಕೂಸು ಚೀಪಿದಷ್ಟೂ ಹಾಲು ಬರುತ್ತದೆ, ಬಾಣಂತಿ ನೀರಡಿಸಿದಾಗ ಕುಡಿಯಬೇಕು ಎಂದು ಆ ಟೀಚರು ಚಿತ್ರ ತೋರಿಸಿ ಎಲ್ಲರಿಗೂ ಹೇಳಿಕೊಡುತ್ತಿದ್ದಳು. ಇಪ್ಪತ್ತೈದು ವರ್ಷದ ಹುಡುಗಿ. ಮೂರು ಮಾತಿನಲ್ಲಿ ಮುಗಿಸಿಬಿಟ್ಟಳು.

ಈಗ ಇದನ್ನು ಬರೆಯುತ್ತಿರುವಾಗಲೇ ಕೋಣೆಯಿಂದ ಮೊಮ್ಮಗಳ ದನಿ ಬಂತು. “ಆಯೀ, ತಂಬಿಗ್ಯಾಗ ನೀರ ಖಾಲಿ ಆತು.” ಮಂಡಿನೋವು ಮರೆತು ಎದ್ದೆ. ತಂಬಿಗೆ ಕಂಠದತನಕ ತುಂಬಿಕೊಂಡು, ಅರ್ಧ ದಾರಿಯಲ್ಲಿ ಚೆಲ್ಲಿಕೊಂಡು, ಓಡಿದೆ ಅಂದರೆ ಓಡಿದೆ.

“ಅಯ್ಯ, ಯಾಕ ಓಡಿ ಬರ್ತಿ ಆಯಿ? ಬಿದ್ದ ಗಿದ್ದಿ! ನನಗೇನ ಅವಸರ ಇತ್ತು?” ಎಂದಳು.

“ಮೊದಲ ಕುಡಿ” ಎಂದೆ.